ಕಜ್ಜಿ ನಾಯಿ ಹುಚ್ಚು ನಾಯಿಯಲ್ಲ: ಬೀದಿ ನಾಯಿಗಳ ಚರ್ಚೆಯಲ್ಲಿ ಎಲ್ಲರೂ ಮರೆತ ಒಂದು ನುಸಿ

ಮುಂಬೈ, ಪುಣೆ, ಚೆನ್ನೈ, ಹೈದರಾಬಾದ್, ದೆಹಲಿ. ನೀವು ಯಾವ ಊರಿನಲ್ಲೇ ಇರಿ, ಈ ದೃಶ್ಯ ನಿಮಗೆ ಹೊಸದಲ್ಲ. ಬೆಳಗ್ಗೆ ಎದ್ದು ನೋಡಿದರೆ ಹೌಸಿಂಗ್ ಸೊಸೈಟಿಯ ವಾಟ್ಸ್ಆ್ಯಪ್ ಗ್ರೂಪಿನಲ್ಲಿ ಒಂದು ಫೋಟೊ. ಗೇಟಿನ ಪಕ್ಕ ಮುದುಡಿ ಮಲಗಿದ ನಾಯಿ. ಮೈಮೇಲೆ ಕೂದಲಿಲ್ಲ, ಚರ್ಮ ದಪ್ಪಗಾಗಿ ಬಿರುಕು ಬಿಟ್ಟಿದೆ, ಕಿವಿಯ ಅಂಚಿನಲ್ಲಿ ಹಕ್ಕಳೆ ಕಟ್ಟಿದೆ. 'ಇದಕ್ಕೆ ಹುಚ್ಚು ಹಿಡಿದಿದೆಯಾ?' ಎಂದು ಒಬ್ಬರು ಕೇಳುತ್ತಾರೆ. 'ಮಕ್ಕಳನ್ನು ಕೆಳಗೆ ಕಳಿಸಬೇಡಿ' ಎಂದು ಇನ್ನೊಬ್ಬರು ಎಚ್ಚರಿಸುತ್ತಾರೆ. 'ಕಾರ್ಪೊರೇಷನ್‌ಗೆ ಫೋನ್ ಮಾಡಿ ಎತ್ತಿಸಿಬಿಡಿ' ಎಂದು ಮೂರನೆಯವರು. ಸಂಜೆಯ ಹೊತ್ತಿಗೆ ವಾಚ್‌ಮನ್ ಕೋಲು ಹಿಡಿದು ಅದನ್ನು ಪಕ್ಕದ ಬೀದಿಗೆ ಅಟ್ಟಿರುತ್ತಾನೆ. ಅಲ್ಲಿಗೆ ಸೊಸೈಟಿಯ ಸಮಸ್ಯೆ ಮುಗಿಯಿತು, ಪಕ್ಕದ ಬೀದಿಯದ್ದು ಶುರುವಾಯಿತು.

ಆ ನಾಯಿಗೆ ಬಂದಿರುವುದು ಬಹುತೇಕ ಕಜ್ಜಿ. ಕಣ್ಣಿಗೆ ಕಾಣದಷ್ಟು ಚಿಕ್ಕ ನುಸಿಯೊಂದು ಚರ್ಮದೊಳಗೆ ಸುರಂಗ ಕೊರೆದು ಮೊಟ್ಟೆಯಿಡುವ ಕಾಯಿಲೆ. ಇದು ಗುಣವಾಗುವ ಕಾಯಿಲೆ, ಔಷಧವೂ ಅಂಗಡಿಯಲ್ಲಿ ಸಿಗುತ್ತದೆ. ಆದರೂ ಬೀದಿ ನಾಯಿಗಳ ಬಗ್ಗೆ ಸುಪ್ರೀಂ ಕೋರ್ಟ್‌ನಿಂದ ಹಿಡಿದು ಟಿವಿ ಸ್ಟುಡಿಯೊವರೆಗೆ ನಡೆದ ಅಷ್ಟೂ ವಾದ-ವಿವಾದದಲ್ಲಿ ಈ ನುಸಿಯ ಪ್ರಸ್ತಾಪ ಬಂದಿದ್ದು ತೀರಾ ಕಡಿಮೆ. ನಾಯಿಗಳನ್ನು ಸಾವಿರಗಟ್ಟಲೆ ಒಂದೇ ಕಡೆ ಕೂಡಿಹಾಕುವ ಮಾತು ನಡೆದಿರುವಾಗ ಈ ಮರೆವು ದುಬಾರಿಯಾಗಬಹುದು.

ಬೈಗುಳವಾಗಿ ಉಳಿದ ಕಾಯಿಲೆ

ನಮ್ಮ ಭಾಷೆಯಲ್ಲಿ 'ಕಜ್ಜಿ ನಾಯಿ' ಎಂಬುದು ರೋಗದ ಹೆಸರಿಗಿಂತ ಹೆಚ್ಚಾಗಿ ಬೈಗುಳ. ತಮಿಳಿನಲ್ಲಿ 'ಸೊರಿ ನಾಯ್' ಎಂದರೂ ಅಷ್ಟೇ, ತೆಲುಗಿನಲ್ಲಿ 'ಗಜ್ಜಿ ಕುಕ್ಕ' ಎಂದರೂ ಅಷ್ಟೇ. ಯಾರನ್ನಾದರೂ ತೀರಾ ಕೀಳಾಗಿ ಕಾಣಬೇಕೆಂದರೆ ಬಳಸುವ ಮಾತು ಅದು. ಬೈಗುಳವಾದ ಮೇಲೆ ಕಾಯಿಲೆಯ ಬಗ್ಗೆ ಯೋಚಿಸುವುದು ನಿಂತುಹೋಯಿತು. ಕಜ್ಜಿ ಹತ್ತಿದ ನಾಯಿ ಎಂದರೆ ಓಡಿಸಬೇಕಾದದ್ದು, ಅದಕ್ಕೆ ಚಿಕಿತ್ಸೆ ಇದೆ ಎಂಬುದೇ ತಲೆಗೆ ಹೊಳೆಯುವುದಿಲ್ಲ.

ಇದರ ಜೊತೆಗೆ ಇನ್ನೊಂದು ಗೊಂದಲ. ಮೈ ಹಾಳಾದ ನಾಯಿಯನ್ನು ಕಂಡರೆ ಹಲವರು ಅದನ್ನು ಹುಚ್ಚು ನಾಯಿ ಎಂದುಕೊಳ್ಳುತ್ತಾರೆ. ರೇಬೀಸ್ ಚರ್ಮದ ಮೇಲೆ ಕಾಣುವ ಕಾಯಿಲೆಯಲ್ಲ. ಅದು ಮೆದುಳಿನ ಕಾಯಿಲೆ. ನಾಯಿಯ ನಡವಳಿಕೆ ಏಕಾಏಕಿ ಬದಲಾಗುವುದು, ಬೊಗಳುವ ಸ್ವರ ಬದಲಾಗುವುದು, ಜೊಲ್ಲು ಸುರಿಯುವುದು, ಕಾಲು ತೊಡರಿ ತೂರಾಡುವುದು ಅದರ ಲಕ್ಷಣಗಳು. ಲಕ್ಷಣ ಕಾಣಿಸಿಕೊಂಡ ಹತ್ತು ದಿನಗಳ ಒಳಗೆ ನಾಯಿ ಸಾಮಾನ್ಯವಾಗಿ ಸತ್ತುಹೋಗುತ್ತದೆ. ತಿಂಗಳುಗಳಿಂದ ಅದೇ ಗೇಟಿನ ಮುಂದೆ ಮೈ ಕೆರೆದುಕೊಳ್ಳುತ್ತ ಬಿದ್ದಿರುವ ನಾಯಿಯದ್ದು ಬೇರೆಯೇ ಕಥೆ.

ಒಂದು ಮಾತು ಮಾತ್ರ ಮರೆಯುವಂತಿಲ್ಲ. ಕಚ್ಚಿದ ನಾಯಿ ಕಜ್ಜಿಯದ್ದಾಗಿರಲಿ, ಮೈ ಫಳಫಳ ಹೊಳೆಯುವಂಥದ್ದಾಗಿರಲಿ, ಗಾಯವನ್ನು ಹರಿಯುವ ನೀರು ಮತ್ತು ಸೋಪಿನಿಂದ 15 ನಿಮಿಷ ತೊಳೆಯಬೇಕು, ತಡಮಾಡದೆ ಆಸ್ಪತ್ರೆಗೆ ಹೋಗಿ ರೇಬೀಸ್ ಲಸಿಕೆ ಹಾಕಿಸಿಕೊಳ್ಳಬೇಕು. ಕೇಂದ್ರ ಸರ್ಕಾರದ ಲೆಕ್ಕದಂತೆ 2024ರಲ್ಲಿ ದೇಶದಲ್ಲಿ ದಾಖಲಾದ ನಾಯಿ ಕಡಿತ ಪ್ರಕರಣಗಳೇ 37 ಲಕ್ಷಕ್ಕೂ ಹೆಚ್ಚು. ಜನರ ಭಯ ಸುಮ್ಮನೆ ಹುಟ್ಟಿದ್ದಲ್ಲ. ಆದರೆ ಆ ಭಯಕ್ಕೆ ಮೊದಲು ಬಲಿಯಾಗುವುದು ನೋಡಲು ವಿಕಾರವಾದ ನಾಯಿ, ನಿಜವಾಗಿ ಅಪಾಯಕಾರಿಯಾದ ನಾಯಿಯೇ ಆಗಬೇಕೆಂದಿಲ್ಲ.

ಕೋರ್ಟ್ ಹೇಳಿದ್ದೇನು?

ಸ್ವಲ್ಪ ಹಿಂದಕ್ಕೆ ಹೋಗೋಣ. 2025ರ ಜುಲೈನಲ್ಲಿ ದೆಹಲಿಯ ನಾಯಿ ಕಡಿತದ ವರದಿಯೊಂದನ್ನು ಗಮನಿಸಿ ಸುಪ್ರೀಂ ಕೋರ್ಟ್ ಸ್ವಯಂಪ್ರೇರಿತವಾಗಿ ಪ್ರಕರಣ ಕೈಗೆತ್ತಿಕೊಂಡಿತು. ಆಗಸ್ಟ್ 11ರಂದು ನ್ಯಾಯಮೂರ್ತಿ ಜೆ.ಬಿ. ಪಾರ್ದಿವಾಲಾ ಮತ್ತು ಆರ್. ಮಹದೇವನ್ ಅವರ ಪೀಠ ದೆಹಲಿ-ಎನ್‌ಸಿಆರ್‌ನ ಬೀದಿ ನಾಯಿಗಳನ್ನೆಲ್ಲ ಹಿಡಿದು ಶೆಲ್ಟರ್‌ಗಳಿಗೆ ಸೇರಿಸಬೇಕು, ಮತ್ತೆ ಬೀದಿಗೆ ಬಿಡಬಾರದು ಎಂದು ಆದೇಶಿಸಿತು. ದೇಶದಾದ್ಯಂತ ಪ್ರತಿಭಟನೆ ನಡೆಯಿತು.

ಆಗಸ್ಟ್ 22ರಂದು ನ್ಯಾಯಮೂರ್ತಿಗಳಾದ ವಿಕ್ರಮ್ ನಾಥ್, ಸಂದೀಪ್ ಮೆಹ್ತಾ ಮತ್ತು ಎನ್.ವಿ. ಅಂಜಾರಿಯಾ ಅವರ ತ್ರಿಸದಸ್ಯ ಪೀಠ ಆ ಆದೇಶವನ್ನು ಮಾರ್ಪಡಿಸಿತು. ಹಿಡಿದ ನಾಯಿಗಳಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿ, ಜಂತುಹುಳು ಔಷಧ ಕೊಟ್ಟು, ಲಸಿಕೆ ಹಾಕಿ ಹಿಡಿದ ಜಾಗಕ್ಕೇ ಬಿಡಬೇಕು. ರೇಬೀಸ್ ಇರುವ ಅಥವಾ ಶಂಕೆಯಿರುವ ಮತ್ತು ಆಕ್ರಮಣಕಾರಿ ನಾಯಿಗಳನ್ನು ಬಿಡುವಂತಿಲ್ಲ. ಪ್ರಕರಣದ ವ್ಯಾಪ್ತಿಯನ್ನು ಇಡೀ ದೇಶಕ್ಕೆ ವಿಸ್ತರಿಸಲಾಯಿತು. ನವೆಂಬರ್ 7ರ ಇನ್ನೊಂದು ಆದೇಶದಲ್ಲಿ ಶಾಲೆ-ಕಾಲೇಜು, ಆಸ್ಪತ್ರೆ, ಕ್ರೀಡಾಂಗಣ, ಬಸ್ ನಿಲ್ದಾಣ, ರೈಲು ನಿಲ್ದಾಣಗಳ ಆವರಣದಲ್ಲಿರುವ ನಾಯಿಗಳನ್ನು ತೆರವುಗೊಳಿಸಿ ಶೆಲ್ಟರ್‌ಗೆ ಸಾಗಿಸಬೇಕು, ಅವುಗಳನ್ನು ಅದೇ ಜಾಗಕ್ಕೆ ಮರಳಿ ಬಿಡಬಾರದು ಎಂದು ಹೇಳಲಾಯಿತು.

ಆಗಸ್ಟ್ 22ರ ಆದೇಶದ ಆ ಮೂರು ಕೆಲಸಗಳನ್ನು ಮತ್ತೊಮ್ಮೆ ನೋಡಿ. ಸಂತಾನಹರಣ, ಜಂತುಹುಳು ಔಷಧ, ಲಸಿಕೆ. ಹೊಟ್ಟೆಯ ಹುಳು ಲೆಕ್ಕಕ್ಕೆ ಬಂತು, ಚರ್ಮದ ನುಸಿ ಬರಲಿಲ್ಲ. ಬೀದಿಯಲ್ಲಿ ನಿಂತು ಬರಿಗಣ್ಣಿನಿಂದ ಗುರುತಿಸಬಹುದಾದ, ನಾಯಿಯಿಂದ ನಾಯಿಗೆ ಸುಲಭವಾಗಿ ಹರಡುವ ಕಾಯಿಲೆ ಪಟ್ಟಿಯಿಂದ ಹೊರಗುಳಿಯಿತು.

ಎರಡು ನುಸಿ, ಎರಡು ಕಥೆ

ನುಸಿ ಎಂದರೆ ಕರ್ನಾಟಕದ ರೈತ ಕುಟುಂಬದವರಿಗೆ ತೆಂಗಿನಕಾಯಿಯನ್ನು ಹಾಳುಗೆಡವಿದ ನುಸಿಪೀಡೆ ನೆನಪಾಗಬಹುದು. ನಾಯಿಗೆ ಬರುವುದೂ ಅದೇ ದೊಡ್ಡ ಬಳಗದ ಜೀವಿಗಳೇ. ಇವು ಕೀಟಗಳಲ್ಲ. ಬೆಳೆದ ನುಸಿಗೆ ಎಂಟು ಕಾಲು, ಹಾಗಾಗಿ ಜೇಡ ಮತ್ತು ಉಣ್ಣೆಯ ಹತ್ತಿರದ ನೆಂಟರು.

ನಾಯಿಗಳನ್ನು ಮುಖ್ಯವಾಗಿ ಕಾಡುವುದು ಎರಡು ನುಸಿಗಳು. ಎರಡಕ್ಕೂ ನಾವು 'ಕಜ್ಜಿ' ಎನ್ನುವ ಒಂದೇ ಹೆಸರು ಕೊಟ್ಟಿದ್ದೇವೆ. ಅಲ್ಲಿಂದಲೇ ಅರ್ಧ ತಪ್ಪು ಶುರುವಾಗುತ್ತದೆ.

ಮೊದಲನೆಯದು ಸಾರ್ಕೊಪ್ಟಿಸ್. ಒಂದು ಮಿಲಿಮೀಟರ್‌ನ ಅರ್ಧದಷ್ಟೂ ಇಲ್ಲದ ದುಂಡನೆಯ ಜೀವಿ. ಹೆಣ್ಣು ನುಸಿ ಚರ್ಮದ ಮೇಲ್ಪದರದೊಳಗೆ ಸುರಂಗ ಕೊರೆಯುತ್ತ ಹೋಗಿ ಮೊಟ್ಟೆಯಿಡುತ್ತದೆ. ಮೊಟ್ಟೆಯೊಡೆದು ಮರಿ ಬೆಳೆದು ಮತ್ತೆ ಮೊಟ್ಟೆಯಿಡುವಂತಾಗಲು ಎರಡರಿಂದ ಮೂರು ವಾರ ಸಾಕು. ನುಸಿ, ಅದರ ಮಲ, ಜೊಲ್ಲು ಇವಕ್ಕೆಲ್ಲ ನಾಯಿಯ ದೇಹ ಅಲರ್ಜಿಯಂತೆ ಪ್ರತಿಕ್ರಿಯಿಸುತ್ತದೆ. ಅದರಿಂದ ಬರುವ ತುರಿಕೆ ಎಷ್ಟು ಭಯಂಕರವೆಂದರೆ ನಾಯಿ ಊಟ, ನಿದ್ದೆ ಬಿಟ್ಟು ರಕ್ತ ಬರುವವರೆಗೆ ಕೆರೆದುಕೊಳ್ಳುತ್ತದೆ. ಕಿವಿಯ ಅಂಚು, ಮುಂಗಾಲಿನ ಮೊಣಕೈ, ಹಿಂಗಾಲಿನ ಹಿಮ್ಮಡಿ, ಹೊಟ್ಟೆಯ ಭಾಗದಲ್ಲಿ ಶುರುವಾಗಿ ಮೈತುಂಬ ಹಬ್ಬುತ್ತದೆ. ಕೆರೆದ ಗಾಯಕ್ಕೆ ಬ್ಯಾಕ್ಟೀರಿಯಾ ಸೇರಿ ಕೀವಾಗುತ್ತದೆ. ಮೈ ಬಡಕಲಾಗಿ, ಚಿಕಿತ್ಸೆಯೇ ಸಿಗದಿದ್ದರೆ ಸಾಯುವುದೂ ಉಂಟು. ಇದು ಒಂದು ನಾಯಿಯಿಂದ ಇನ್ನೊಂದಕ್ಕೆ ಮೈ ತಗುಲಿದರೆ ಹರಡುತ್ತದೆ.

ಎರಡನೆಯದು ಡೆಮೊಡೆಕ್ಸ್. ಬೀಡಿಯಂತೆ ಉದ್ದನೆಯ ಆಕಾರ. ಕೂದಲ ಬುಡದ ಗುಳಿಯಲ್ಲಿ ವಾಸ. ವಿಶೇಷವೆಂದರೆ ಇದು ಆರೋಗ್ಯವಂತ ನಾಯಿಯ ಮೈಯಲ್ಲೂ ಇರುತ್ತದೆ. ಹುಟ್ಟಿದ ಮೊದಲ ಕೆಲವು ದಿನಗಳಲ್ಲಿ ಹಾಲು ಕುಡಿಯುವಾಗ ತಾಯಿಯಿಂದ ಮರಿಗೆ ದಾಟುತ್ತದೆ, ಆಮೇಲೆ ಜೀವನಪೂರ್ತಿ ಸದ್ದಿಲ್ಲದೆ ಇರುತ್ತದೆ. ನಾಯಿಯ ರೋಗನಿರೋಧಕ ಶಕ್ತಿ ಕುಂದಿದಾಗ ಮಾತ್ರ ಮಿತಿಮೀರಿ ಬೆಳೆದು ಕೂದಲು ಉದುರಿಸುತ್ತದೆ. ಒಂದು ವರ್ಷದೊಳಗಿನ ಮರಿಗಳ ಮುಖದಲ್ಲೋ ಮುಂಗಾಲಲ್ಲೋ ಒಂದೆರಡು ಕಡೆ ಕೂದಲು ಉದುರಿದರೆ ಹೆಚ್ಚಿನ ಸಂದರ್ಭದಲ್ಲಿ ತಾನಾಗಿಯೇ ವಾಸಿಯಾಗುತ್ತದೆ. ಮೈಯೆಲ್ಲ ಹಬ್ಬಿದರೆ ಗಂಭೀರ. ವಯಸ್ಸಾದ ನಾಯಿಗೆ ಹೊಸದಾಗಿ ಬಂದರೆ ಥೈರಾಯ್ಡ್ ತೊಂದರೆ, ಹಾರ್ಮೋನ್ ಏರುಪೇರು, ಕ್ಯಾನ್ಸರ್ ಅಥವಾ ದೀರ್ಘಕಾಲದ ಸ್ಟಿರಾಯ್ಡ್ ಬಳಕೆಯಂಥ ಮೂಲ ಕಾರಣವನ್ನು ಹುಡುಕಬೇಕು. ಡೆಮೊಡೆಕ್ಸ್ ಕಜ್ಜಿ ಒಂದು ದೊಡ್ಡ ನಾಯಿಯಿಂದ ಇನ್ನೊಂದಕ್ಕೆ ಅಂಟುವ ಕಾಯಿಲೆಯಲ್ಲ, ಮನುಷ್ಯರಿಗಂತೂ ಬರುವುದಿಲ್ಲ.

ಈ ವ್ಯತ್ಯಾಸ ಅಪಾರ್ಟ್‌ಮೆಂಟ್ ಜಗಳಗಳಲ್ಲಿ ದೊಡ್ಡ ಪಾತ್ರ ವಹಿಸುತ್ತದೆ. ಡೆಮೊಡೆಕ್ಸ್ ಬಂದ ಸಾಕುನಾಯಿಯನ್ನು ಲಿಫ್ಟಿಗೆ ತರಬೇಡಿ ಎಂದು ಗಲಾಟೆ ಮಾಡಿದರೆ ಅದಕ್ಕೆ ಅರ್ಥವಿಲ್ಲ. ಸಾರ್ಕೊಪ್ಟಿಸ್ ಬಂದ ನಾಯಿಯನ್ನು ಪಾರ್ಕಿನಲ್ಲಿ ಬೇರೆ ನಾಯಿಗಳೊಡನೆ ಆಡಲು ಬಿಟ್ಟರೆ ಅದು ತಪ್ಪು. ಯಾವುದು ಯಾವುದೆಂದು ಹೇಳಬೇಕಾದವರು ಪಶುವೈದ್ಯರು. ಚರ್ಮವನ್ನು ಬ್ಲೇಡಿನಿಂದ ಮೆಲ್ಲಗೆ ಕೆರೆದು ಮೈಕ್ರೋಸ್ಕೋಪ್‌ನಲ್ಲಿ ನೋಡುವುದು ವಾಡಿಕೆಯ ಪರೀಕ್ಷೆ. ಡೆಮೊಡೆಕ್ಸ್ ಅದರಲ್ಲಿ ಸಾಮಾನ್ಯವಾಗಿ ಸಿಕ್ಕಿಬೀಳುತ್ತದೆ. ಸಾರ್ಕೊಪ್ಟಿಸ್ ಮಾತ್ರ ಅರ್ಧಕ್ಕರ್ಧ ಸಂದರ್ಭಗಳಲ್ಲಿ ಕೈಗೆ ಸಿಗುವುದೇ ಇಲ್ಲ. ಆದ್ದರಿಂದ ಅನುಭವಿ ವೈದ್ಯರು ರಿಪೋರ್ಟ್ ಒಂದನ್ನೇ ನೆಚ್ಚುವುದಿಲ್ಲ. ಕಿವಿಯ ಅಂಚನ್ನು ಬೆರಳಲ್ಲಿ ಉಜ್ಜಿ ನೋಡುತ್ತಾರೆ. ನಾಯಿ ತಕ್ಷಣ ಹಿಂಗಾಲಲ್ಲಿ ಗಾಳಿಯಲ್ಲೇ ಕೆರೆಯತೊಡಗಿದರೆ ಅನುಮಾನ ಬಲವಾಗುತ್ತದೆ, ಚಿಕಿತ್ಸೆ ಕೊಟ್ಟೇ ನೋಡುತ್ತಾರೆ.

ಶೆಲ್ಟರ್ ಎಂಬ ಹೊಸ ಅಪಾಯ

ಈಗ ಶೆಲ್ಟರ್ ವಿಷಯಕ್ಕೆ ಬರೋಣ. ಬೀದಿಯಲ್ಲಿ ನಾಯಿಗಳು ತಮ್ಮ ತಮ್ಮ ಗಡಿ ಹಾಕಿಕೊಂಡು ಚಿಕ್ಕ ಗುಂಪುಗಳಲ್ಲಿ ಬದುಕುತ್ತವೆ. ಒಂದು ಗುಂಪಿಗೆ ಕಜ್ಜಿ ಬಂದರೆ ಆ ಬೀದಿಯ ನಾಲ್ಕೈದು ನಾಯಿಗಳಿಗೆ ಹರಡಬಹುದು. ಅವೇ ನಾಯಿಗಳನ್ನು ಇಪ್ಪತ್ತು ಬೇರೆ ಬೀದಿಗಳ ನಾಯಿಗಳ ಜೊತೆ ಒಂದೇ ಕಾಂಪೌಂಡಿನಲ್ಲಿ ಇಟ್ಟರೆ ಏನಾಗುತ್ತದೆ? ಮೈಗೆ ಮೈ ತಗುಲುವ ಜಾಗ, ಹೊಸ ಪರಿಸರದ ಒತ್ತಡ, ಊಟಕ್ಕೆ ಪೈಪೋಟಿ. ಸಾರ್ಕೊಪ್ಟಿಸ್‌ಗೆ ಹರಡಲು ಇದಕ್ಕಿಂತ ಒಳ್ಳೆಯ ಅವಕಾಶ ಬೇಕಿಲ್ಲ. ಒತ್ತಡ ಮತ್ತು ಅಪೌಷ್ಟಿಕತೆಯಿಂದ ಡೆಮೊಡೆಕ್ಸ್ ಕೂಡ ತಲೆಯೆತ್ತುತ್ತದೆ.

ಹಾಸಿಗೆ, ಗೋಣಿಚೀಲ, ಗೂಡಿನ ನೆಲದ ಮೇಲೆ ಬಿದ್ದ ನುಸಿ ಕೋಣೆಯ ಉಷ್ಣಾಂಶದಲ್ಲಿ ಕೆಲವು ದಿನ ಬದುಕಿರಬಲ್ಲದು. ತಂಪು ಮತ್ತು ತೇವ ಹೆಚ್ಚಿದ್ದರೆ ಇನ್ನೂ ಹೆಚ್ಚು ದಿನ. ಅಂದರೆ ಇಂದು ಕಜ್ಜಿ ನಾಯಿ ಖಾಲಿ ಮಾಡಿದ ಗೂಡಿಗೆ ತೊಳೆಯದೆ ನಾಳೆ ಆರೋಗ್ಯವಂತ ನಾಯಿಯನ್ನು ತಂದು ಬಿಟ್ಟರೆ ಅದಕ್ಕೂ ಕಾಯಿಲೆ ಖಾತ್ರಿ ಮಾಡಿದಂತೆ. ನಾಯಿಗಳನ್ನು ಸಾಗಿಸುವ ವ್ಯಾನಿನ ಕಥೆಯೂ ಇದೇ.

ಈ ನುಸಿಯನ್ನು ಹಗುರವಾಗಿ ನೋಡುವವರು ಇಂಗ್ಲೆಂಡಿನ ಬ್ರಿಸ್ಟಲ್ ನಗರದ ಕಥೆಯನ್ನು ತಿಳಿಯಬೇಕು. ಅಲ್ಲಿ ನಗರದೊಳಗೇ ದಟ್ಟವಾಗಿ ಬದುಕುತ್ತಿದ್ದ ನರಿಗಳಿಗೆ 1994ರಲ್ಲಿ ಸಾರ್ಕೊಪ್ಟಿಸ್ ತಗುಲಿತು. ಎರಡು ವರ್ಷಗಳಲ್ಲಿ ಶೇ 95ಕ್ಕೂ ಹೆಚ್ಚು ನರಿಗಳು ಇಲ್ಲವಾದವು. ನೂರಕ್ಕೂ ಹೆಚ್ಚು ಜಾತಿಯ ಸಸ್ತನಿಗಳಿಗೆ ತಗುಲಬಲ್ಲ ನುಸಿ ಇದು. ಒತ್ತೊತ್ತಾಗಿ ಬದುಕುವ, ಚಿಕಿತ್ಸೆ ಸಿಗದ ಪ್ರಾಣಿಗಳ ನಡುವೆ ಇದು ಹೇಗೆ ವರ್ತಿಸುತ್ತದೆ ಎನ್ನಲು ಆ ನಗರ ಸಾಕ್ಷಿ.

20ನೇ ಜಾನುವಾರು ಗಣತಿಯ ಪ್ರಕಾರ 2019ರಲ್ಲಿ ದೇಶದಲ್ಲಿದ್ದ ಬೀದಿ ನಾಯಿಗಳು ಸುಮಾರು 1.53 ಕೋಟಿ. ಬೆಂಗಳೂರು ಒಂದರಲ್ಲೇ 2023ರ ಸಮೀಕ್ಷೆಯಲ್ಲಿ ಸಿಕ್ಕ ಅಂದಾಜು ಸುಮಾರು 2.79 ಲಕ್ಷ. ಇವುಗಳಲ್ಲಿ ಸಣ್ಣ ಪಾಲನ್ನು ಶೆಲ್ಟರ್‌ಗೆ ಸಾಗಿಸಿದರೂ ಅದು ಸಾವಿರಗಳ ಲೆಕ್ಕ. ಅಷ್ಟು ನಾಯಿಗಳಿಗೆ ಪ್ರತ್ಯೇಕ ಗೂಡು, ಒಳಬರುವಾಗ ಚರ್ಮ ತಪಾಸಣೆ, ಕಜ್ಜಿ ಇದ್ದವಕ್ಕೆ ಬೇರೆ ವಾರ್ಡು ಇಲ್ಲದಿದ್ದರೆ ಶೆಲ್ಟರ್ ಎನ್ನುವುದು ಕಜ್ಜಿಯ ಕಾರ್ಖಾನೆಯಾಗುತ್ತದೆ.

ಮೂರು ವಾರದ ಕಾಯಿಲೆ, ಕೆಲವೇ ದಿನದ ವಾಸ

ಶೆಲ್ಟರ್‌ಗೆ ಹೋಗದ, ಹಿಡಿದು ಬಿಡುವ ನಾಯಿಗಳ ಕಥೆ ಏನು? 2023ರ ಮಾರ್ಚ್‌ನಲ್ಲಿ ಜಾರಿಗೆ ಬಂದ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳ ಪ್ರಕಾರ ನಾಯಿಯನ್ನು ಹಿಡಿದು, ಶಸ್ತ್ರಚಿಕಿತ್ಸೆ ಮಾಡಿ, ಲಸಿಕೆ ಹಾಕಿ ಅದೇ ಜಾಗಕ್ಕೆ ಬಿಡಬೇಕು. ನಾಯಿ ಕೇಂದ್ರದಲ್ಲಿರುವುದು ಕೆಲವೇ ದಿನ.

ತೊಡಕು ಇರುವುದು ಇಲ್ಲೇ. ಕಜ್ಜಿಗೆ ಬಹುಕಾಲದಿಂದ ಕೊಡುತ್ತಿರುವ ಅಗ್ಗದ ಔಷಧ ಐವರ್‌ಮೆಕ್ಟಿನ್. ಜಪಾನಿನ ಮಣ್ಣಿನಲ್ಲಿ ಸಿಕ್ಕ ಸೂಕ್ಷ್ಮಜೀವಿಯಿಂದ ಬಂದ ಈ ಔಷಧ ಕುಟುಂಬದ ಶೋಧಕ್ಕಾಗಿ ಸತೋಷಿ ಒಮುರಾ ಮತ್ತು ವಿಲಿಯಂ ಕ್ಯಾಂಪ್‌ಬೆಲ್ ಅವರಿಗೆ 2015ರಲ್ಲಿ ನೊಬೆಲ್ ಬಂದಿತ್ತು. ಆದರೆ ಇದು ನುಸಿಯನ್ನು ಕೊಲ್ಲುತ್ತದೆ, ಮೊಟ್ಟೆಯನ್ನಲ್ಲ. ಒಂದು ಚುಚ್ಚುಮದ್ದು ಕೊಟ್ಟು ನಾಯಿಯನ್ನು ಬೀದಿಗೆ ಬಿಟ್ಟರೆ ಉಳಿದ ಮೊಟ್ಟೆಗಳು ಒಡೆದು ಕಾಯಿಲೆ ಮರುಕಳಿಸುತ್ತದೆ. ವಾರಕ್ಕೊಮ್ಮೆಯೋ ಎರಡು ವಾರಕ್ಕೊಮ್ಮೆಯೋ ಹಲವು ಬಾರಿ ಕೊಡಬೇಕು. ಕೆಲವು ದಿನ ಇದ್ದು ಹೋಗುವ ನಾಯಿಗೆ ಎರಡನೆಯ ಡೋಸ್ ಕೊಡುವವರು ಯಾರು? ಅದೇ ನಾಯಿಯನ್ನು ಮತ್ತೆ ಬಲೆಹಾಕಿ ಹಿಡಿಯುವುದು ಎಷ್ಟು ಕಷ್ಟ ಎಂಬುದು ಹಿಡಿಯುವವರಿಗೇ ಗೊತ್ತು.

ಕಳೆದ ಹತ್ತು ವರ್ಷಗಳಲ್ಲಿ ಈ ಲೆಕ್ಕ ಬದಲಾಗಿದೆ. ಐಸೊಕ್ಸಾಜೊಲಿನ್ ಎಂಬ ಹೊಸ ವರ್ಗದ ಮಾತ್ರೆಗಳು ಬಂದಿವೆ. ಫ್ಲೂರಾಲನರ್, ಅಫಾಕ್ಸೊಲನರ್, ಸಾರೊಲನರ್ ಈ ಗುಂಪಿನವು. ಉಣ್ಣೆ ಮತ್ತು ಚಿಗಟಕ್ಕೆಂದು ಬಂದ ಇವು ಎರಡೂ ಬಗೆಯ ಕಜ್ಜಿಯ ಮೇಲೆ ಚೆನ್ನಾಗಿ ಕೆಲಸ ಮಾಡುತ್ತವೆ. ಬಹುತೇಕ ಮಾತ್ರೆಗಳ ಪರಿಣಾಮ ಸುಮಾರು ಒಂದು ತಿಂಗಳು ಇರುತ್ತದೆ, ಫ್ಲೂರಾಲನರ್‌ದು ಸುಮಾರು 12 ವಾರ. ಅಂದರೆ ಮೊಟ್ಟೆಯೊಡೆದು ಹೊರಬರುವ ಮರಿನುಸಿಗಳೂ ಅದೇ ಡೋಸ್‌ನಲ್ಲಿ ಸಾಯುತ್ತವೆ. ಸಂತಾನಹರಣಕ್ಕೆಂದು ಹೇಗೂ ಕೈಗೆ ಸಿಕ್ಕ ನಾಯಿಗೆ ಒಂದೇ ಒಂದು ಮಾತ್ರೆ ತಿನ್ನಿಸಿದರೆ ಮತ್ತೆ ಹಿಡಿಯಬೇಕಾದ ಪ್ರಮೇಯವೇ ಹೆಚ್ಚಾಗಿ ಬರುವುದಿಲ್ಲ. ಆಸ್ಟ್ರೇಲಿಯಾದಲ್ಲಿ ಕಾಡಿನ ವೊಂಬ್ಯಾಟ್‌ಗಳ ಕಜ್ಜಿಗೂ ಇದೇ ಕಾರಣಕ್ಕೆ ಫ್ಲೂರಾಲನರ್ ಪ್ರಯೋಗ ನಡೆದಿದೆ. ಅಲ್ಲೂ ಸಮಸ್ಯೆ ಒಂದೇ, ಪ್ರಾಣಿಯನ್ನು ಮತ್ತೆ ಮತ್ತೆ ಹಿಡಿಯಲಾಗದು.

ಇವು ದೋಷವೇ ಇಲ್ಲದ ಔಷಧಗಳೆಂದಲ್ಲ. ಕೆಲವು ನಾಯಿಗಳಲ್ಲಿ ನಡುಕ, ಫಿಟ್ಸ್ ಬರಬಹುದೆಂದು ಅಮೆರಿಕದ ಎಫ್‌ಡಿಎ 2018ರಲ್ಲೇ ಎಚ್ಚರಿಸಿದೆ. ಫಿಟ್ಸ್ ಇತಿಹಾಸವಿರುವ ಸಾಕುನಾಯಿಗೆ ವೈದ್ಯರನ್ನು ಕೇಳದೆ ಕೊಡುವಂತಿಲ್ಲ. ಬೆಲೆಯೂ ಐವರ್‌ಮೆಕ್ಟಿನ್‌ಗಿಂತ ಹಲವು ಪಟ್ಟು. ಆದರೆ ಪಾಲಿಕೆ ಸಗಟು ದರದಲ್ಲಿ ಕೊಂಡರೆ, ಮತ್ತೆ ಹಿಡಿಯುವ ವ್ಯಾನು, ಆಳು, ಡೀಸೆಲ್‌ನ ಖರ್ಚು ಕಳೆದರೆ ನಿಜವಾಗಿ ಯಾವುದು ಅಗ್ಗ ಎಂಬ ಲೆಕ್ಕವನ್ನು ಯಾರಾದರೂ ಕೂತು ಹಾಕಬೇಕಿದೆ.

ಕಡಿತ ನಿಲ್ಲಿಸುವುದು ಬಿಟ್ಟು ತುರಿಕೆ ಯಾಕೆ?

ಇಲ್ಲಿ ನ್ಯಾಯವಾದ ಪ್ರಶ್ನೆಯೊಂದು ಏಳುತ್ತದೆ. ಮಕ್ಕಳು ಕಡಿಸಿಕೊಳ್ಳುತ್ತಿರುವಾಗ ನಾಯಿಯ ತುರಿಕೆಗೆ ತೆರಿಗೆ ಹಣ ಯಾಕೆ? 2025ರಲ್ಲಿ ಬೆಂಗಳೂರಿನ ಪಾಲಿಕೆ ಸುಮಾರು 5,000 ನಾಯಿಗಳಿಗೆ ಚಿಕನ್ ರೈಸ್ ಊಟ ಕೊಡುವ ಯೋಜನೆ ಪ್ರಕಟಿಸಿದಾಗ ಎದ್ದ ಸಿಟ್ಟು ನೆನಪಿದೆ.

ಕಜ್ಜಿ ವಾಸಿಯಾದರೆ ನಾಯಿ ಕಡಿತ ನಿಲ್ಲುತ್ತದೆ ಎಂದು ಹೇಳುವುದು ಅತಿಶಯೋಕ್ತಿ. ಆದರೆ ಕಡಿತ ಮತ್ತು ರೇಬೀಸ್ ತಡೆಯುವ ಕೆಲಸಕ್ಕೆ ಕಜ್ಜಿ ಎರಡು ಕಡೆ ಅಡ್ಡಗಾಲು ಹಾಕುತ್ತದೆ. ಒಂದು, ಹೊಟ್ಟೆಯ ಚರ್ಮ ಕೀವುಗಟ್ಟಿದ ನಾಯಿಗೆ ಶಸ್ತ್ರಚಿಕಿತ್ಸೆ ಮಾಡಿದರೆ ಹೊಲಿಗೆಗೆ ಸೋಂಕು ತಗುಲುವ ಅಪಾಯ. ಹಾಗಾಗಿ ತೀರಾ ಹಾಳಾದ ನಾಯಿಯ ಶಸ್ತ್ರಚಿಕಿತ್ಸೆಯನ್ನು ಮುಂದೂಡಬೇಕಾಗುತ್ತದೆ. ಮುಂದೂಡಿದ ನಾಯಿ ಬೀದಿಗೆ ಮರಳಿ ಇನ್ನೊಂದು ಸಲ ಮರಿ ಹಾಕುತ್ತದೆ. ಎರಡು, ರೇಬೀಸ್ ಕೊಂಡಿ ಕತ್ತರಿಸಬೇಕಾದರೆ ಒಂದು ಪ್ರದೇಶದ ಕನಿಷ್ಠ ಶೇ 70ರಷ್ಟು ನಾಯಿಗಳಿಗೆ ಲಸಿಕೆ ಬೀಳಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಬೀದಿಯಿಂದ ಬೀದಿಗೆ ಅಟ್ಟಿಸಿಕೊಂಡು ಓಡುವ, ಮನುಷ್ಯರ ಕೈ ಕಂಡರೆ ಹೆದರುವ ನಾಯಿಯನ್ನು ಈ ಲೆಕ್ಕದೊಳಗೆ ತರುವುದು ಸುಲಭವಲ್ಲ. ಒಂದೇ ಜಾಗದಲ್ಲಿ ನೆಲೆನಿಂತು, ಕರೆದರೆ ಹತ್ತಿರ ಬರುವ ನಾಯಿಗೆ ಲಸಿಕೆ ಹಾಕುವುದು ಎಷ್ಟೋ ಸಲೀಸು.

ನಮಗೂ ಹತ್ತುತ್ತದೆಯೇ?

ಮನೆಮಂದಿ ಮೊದಲು ಕೇಳುವ ಪ್ರಶ್ನೆ ಇದು. ಉತ್ತರ: ಹತ್ತಬಹುದು, ಆದರೆ ನೆಲೆಯೂರುವುದಿಲ್ಲ. ಸಾರ್ಕೊಪ್ಟಿಸ್ ಇರುವ ನಾಯಿಯನ್ನು ಎತ್ತಿಕೊಂಡವರ ಕೈ, ಹೊಟ್ಟೆ, ತೊಡೆಯ ಮೇಲೆ ಕೆಂಪು ಗುಳ್ಳೆ, ತುರಿಕೆ ಕಾಣಿಸಿಕೊಳ್ಳಬಹುದು. ನಾಯಿಯ ನುಸಿಗೆ ಮನುಷ್ಯರ ಮೈಯಲ್ಲಿ ಸಂತಾನ ಬೆಳೆಸಲು ಆಗುವುದಿಲ್ಲ. ನಾಯಿಗೆ ಚಿಕಿತ್ಸೆ ಆಗುತ್ತಿದ್ದಂತೆ ಎರಡು-ಮೂರು ವಾರಗಳಲ್ಲಿ ತಾನಾಗಿ ಕಡಿಮೆಯಾಗುತ್ತದೆ.

ಮನುಷ್ಯರ ಕಜ್ಜಿಯನ್ನು ತರುವುದು ಇದೇ ಸಾರ್ಕೊಪ್ಟಿಸ್‌ನ ಬೇರೆ ತಳಿ. ಅದು ಮನುಷ್ಯರಿಂದ ಮನುಷ್ಯರಿಗೆ ಹರಡುತ್ತದೆ. ಹಾಸ್ಟೆಲ್, ಪಿಜಿ, ಇಕ್ಕಟ್ಟಿನ ಮನೆಗಳಲ್ಲಿ ಅದು ಹೆಚ್ಚು. ಬೆರಳ ಸಂದು, ಮಣಿಕಟ್ಟಿನಲ್ಲಿ ರಾತ್ರಿ ಹೊತ್ತು ತುರಿಕೆ, ಮನೆಯ ಎರಡು ಮೂರು ಮಂದಿಗೆ ಒಟ್ಟಿಗೇ ಬಂದಿದ್ದರೆ ನಾಯಿಯ ಮೇಲೆ ತಪ್ಪು ಹೊರಿಸಿ ಕೂರಬೇಡಿ, ಚರ್ಮವೈದ್ಯರನ್ನು ಕಾಣಿ. ನಾಯಿಯನ್ನು ಹೊರಗಟ್ಟಿದರೂ ಆ ಕಜ್ಜಿ ಹೋಗುವುದಿಲ್ಲ.

ಸುಟ್ಟ ಆಯಿಲ್, ದನದ ಇಂಜೆಕ್ಷನ್

ಕರುಣೆಯಿಂದ ಮಾಡುವ ತಪ್ಪುಗಳೂ ನಾಯಿಯ ಜೀವ ತೆಗೆಯುತ್ತವೆ. ಮುಖ್ಯವಾದವು ಮೂರು.

ಮೊದಲನೆಯದು ಗ್ಯಾರೇಜಿನ ಸುಟ್ಟ ಆಯಿಲ್. ಕಜ್ಜಿ ನಾಯಿಯ ಮೈಗೆ ಅದನ್ನು ಬಳಿಯುವ ಪದ್ಧತಿ ಈಗಲೂ ಇದೆ. ನಾಯಿ ಮೈ ನೆಕ್ಕುತ್ತದೆ, ಎಣ್ಣೆಯಲ್ಲಿರುವ ಲೋಹ ಮತ್ತು ರಾಸಾಯನಿಕಗಳು ಹೊಟ್ಟೆ ಸೇರುತ್ತವೆ, ಒಡೆದ ಚರ್ಮದ ಮೂಲಕವೂ ಒಳಗಿಳಿಯುತ್ತವೆ. ಸೀಮೆಎಣ್ಣೆ, ಫಿನಾಯಿಲ್ ಕೂಡ ಹೀಗೆಯೇ ವಿಷ. ಬೇವಿನ ಎಣ್ಣೆ, ಹೊಂಗೆ ಎಣ್ಣೆ ಇಷ್ಟು ಅಪಾಯಕಾರಿಯಲ್ಲದಿದ್ದರೂ ಅವನ್ನೇ ನಂಬಿ ಕೂತರೆ ಸುರಂಗದೊಳಗಿನ ನುಸಿ ತನ್ನ ಪಾಡಿಗೆ ಬೆಳೆಯುತ್ತಿರುತ್ತದೆ.

ಎರಡನೆಯದು ದನಕ್ಕೆ ಕೊಡುವ ಐವರ್‌ಮೆಕ್ಟಿನ್ ಇಂಜೆಕ್ಷನ್ ಅನ್ನು ಅಂದಾಜಿನಲ್ಲಿ ಕೊಡುವುದು. ಆ ಸೀಸೆಯ ಒಂದು ಎಂ.ಎಲ್.ನಲ್ಲಿ 10 ಮಿಲಿಗ್ರಾಂ ಔಷಧ ಇರುತ್ತದೆ. ಅದು 50 ಕೆ.ಜಿ. ತೂಕದ ಜಾನುವಾರಿಗೆ ಸಾಕಾಗುವ ಪ್ರಮಾಣ. ಎರಡು ಕೆ.ಜಿ.ಯ ನಾಯಿಮರಿಗೆ ಅದೇ ಒಂದು ಎಂ.ಎಲ್. ಕೊಟ್ಟರೆ ಏನಾಗಬಹುದೆಂದು ನೀವೇ ಲೆಕ್ಕ ಹಾಕಿ. ಅದರ ಮೇಲೆ, ಕಾಲಿ ಜಾತಿಯ ಮತ್ತು ಅದರ ನೆಂಟ ತಳಿಗಳ ಅನೇಕ ನಾಯಿಗಳಲ್ಲಿ ಒಂದು ವಂಶವಾಹಿ ದೋಷವಿರುತ್ತದೆ. ಔಷಧ ಮೆದುಳಿಗೆ ಹೋಗದಂತೆ ತಡೆಯುವ ವ್ಯವಸ್ಥೆಯೇ ಅವುಗಳಲ್ಲಿ ಸರಿಯಿರುವುದಿಲ್ಲ. ಬೇರೆ ನಾಯಿಗಳು ತಡೆದುಕೊಳ್ಳುವ ಡೋಸ್ ಅವನ್ನು ಕೋಮಾಕ್ಕೆ ತಳ್ಳಬಹುದು.

ಮೂರನೆಯದು ಸ್ಟಿರಾಯ್ಡ್. ತುರಿಕೆ ನೋಡಲಾಗದೆ ಯಾರೋ ಹೇಳಿದರೆಂದು ಮೆಡಿಕಲ್ ಶಾಪ್‌ನಿಂದ ತಂದು ಕೊಡುತ್ತಾರೆ. ಎರಡು ದಿನ ಕೆರೆತ ನಿಲ್ಲುತ್ತದೆ, ವಾಸಿಯಾಯಿತು ಎಂದುಕೊಳ್ಳುತ್ತಾರೆ. ಇತ್ತ ರೋಗನಿರೋಧಕ ಶಕ್ತಿ ಕುಂದಿ ನುಸಿಗಳ ಸಂಖ್ಯೆ ಹೆಚ್ಚುತ್ತದೆ. ಡೆಮೊಡೆಕ್ಸ್ ಇದ್ದರಂತೂ ಬೆಂಕಿಗೆ ತುಪ್ಪ ಸುರಿದಂತೆ.

ಸಾಕುನಾಯಿ ಕೊಳ್ಳುವವರಿಗೂ ಒಂದು ಮಾತು. ಮೈಯೆಲ್ಲ ಹಬ್ಬುವ ಡೆಮೊಡೆಕ್ಸ್‌ನಲ್ಲಿ ವಂಶದ ಪಾತ್ರ ದೊಡ್ಡದು. ಪಗ್, ಬುಲ್‌ಡಾಗ್‌ನಂಥ ತಳಿಗಳಲ್ಲಿ ಹೆಚ್ಚು. ಅಂಥ ಕಾಯಿಲೆ ಬಂದ ನಾಯಿಯಿಂದ, ಅದು ವಾಸಿಯಾಗಿದ್ದರೂ, ಮರಿ ಮಾಡಿಸಬಾರದು ಎಂಬುದು ಪಶುವೈದ್ಯರ ಖಚಿತ ಸಲಹೆ. ಮರಿ ಕೊಳ್ಳುವಾಗ ತಾಯಿಯನ್ನು ತೋರಿಸಿ ಎಂದು ಕೇಳಿ. ತೋರಿಸಲು ಹಿಂಜರಿಯುವವರ ಬಳಿ ಕೊಳ್ಳದಿರುವುದೇ ಲೇಸು.

ಪಾಲಿಕೆಯನ್ನು ಏನು ಕೇಳಬೇಕು?

ಬೀದಿ ನಾಯಿ ಇರಬೇಕೆನ್ನುವವರು, ಇರಬಾರದೆನ್ನುವವರು ಎರಡು ಬಣವಾಗಿ ನಿಂತಿದ್ದಾರೆ. ಈ ವಿಷಯದಲ್ಲಿ ಮಾತ್ರ ಇಬ್ಬರೂ ಒಂದೇ ಬೇಡಿಕೆ ಇಡಬಹುದು. ನಿಮ್ಮ ವಾರ್ಡಿನ ಕಾರ್ಪೊರೇಟರ್‌ಗೋ ಪಾಲಿಕೆಯ ಪಶುಪಾಲನಾ ವಿಭಾಗಕ್ಕೋ ಈ ನಾಲ್ಕು ಪ್ರಶ್ನೆ ಕೇಳಿ ನೋಡಿ.

ಸಂತಾನಹರಣಕ್ಕೆ ಹಿಡಿದ ನಾಯಿಗಳಿಗೆ ಲಸಿಕೆಯ ಜೊತೆಗೆ ನುಸಿಯ ಔಷಧವೂ ಬೀಳುತ್ತಿದೆಯೇ? ಬೀಳುತ್ತಿದ್ದರೆ ಒಂದೇ ಡೋಸ್‌ನಲ್ಲಿ ಸಾಕಾಗುವಂಥದ್ದೇ, ಇಲ್ಲವೇ ಮತ್ತೆ ಹಿಡಿಯಬೇಕಾದದ್ದೇ? ಶೆಲ್ಟರ್ ಟೆಂಡರ್‌ನಲ್ಲಿ ಕಜ್ಜಿ ನಾಯಿಗಳಿಗೆ ಪ್ರತ್ಯೇಕ ವಾರ್ಡು, ಗೂಡು ಮತ್ತು ವ್ಯಾನ್ ತೊಳೆಯುವ ಷರತ್ತು ಇದೆಯೇ? ಕಜ್ಜಿಯಿಂದಾಗಿ ಶಸ್ತ್ರಚಿಕಿತ್ಸೆ ಮುಂದೂಡಿದ ನಾಯಿಗಳ ಲೆಕ್ಕ ಇಟ್ಟಿದ್ದೀರಾ, ಅವು ಈಗ ಎಲ್ಲಿವೆ?

ಉತ್ತರ ಸಿಗುವವರೆಗೆ ನಾವು ಮಾಡಬಹುದಾದದ್ದೂ ಇದೆ. ಗೇಟಿನ ಮುಂದಿನ ನಾಯಿಗೆ ದಿನಾ ಬಿಸ್ಕತ್ತು ಹಾಕುವ ನಾಲ್ಕು ಮನೆಯವರು ಸೇರಿದರೆ ಪಶುವೈದ್ಯರ ಸಲಹೆಯಂತೆ, ತೂಕ ಅಂದಾಜಿಸಿ, ಒಂದು ಮಾತ್ರೆಯನ್ನು ಅದರ ಊಟದಲ್ಲಿಟ್ಟು ಕೊಡುವುದು ದೊಡ್ಡ ಹೊರೆಯಲ್ಲ. ಅದೇ ಜಾಗದಲ್ಲಿ ಒಡನಾಡುವ ಉಳಿದ ನಾಯಿಗಳಿಗೂ ಕೊಡಬೇಕು, ಇಲ್ಲದಿದ್ದರೆ ನುಸಿ ಒಂದರಿಂದ ಇನ್ನೊಂದಕ್ಕೆ ಸುತ್ತುತ್ತಲೇ ಇರುತ್ತದೆ. ಕೆಲವು ವಾರಗಳಲ್ಲಿ ಕೆರೆತ ನಿಲ್ಲುತ್ತದೆ. ಒಂದೆರಡು ತಿಂಗಳಲ್ಲಿ ಬೋಳು ಚರ್ಮದ ಮೇಲೆ ಕೂದಲು ಮೂಡುತ್ತದೆ.

ಆಗ ಯಾರಾದರೂ ಅದರ ಫೋಟೊ ತೆಗೆದು ಸೊಸೈಟಿಯ ಗ್ರೂಪಿಗೆ ಹಾಕಲಿ. ಮೊದಲ ಫೋಟೊ ನೋಡಿ ಹೆದರಿದ್ದವರು ಇದು ಬೇರೆ ನಾಯಿ ಎಂದೇ ಹೇಳಿಯಾರು.